ಬೆಳಗ್ಗೆ ಮುಷ್ಕರ ಹೂಡುತ್ತಿದ್ದ ಗೇಟು

ಆಸ್ಟ್ರೇಲಿಯಾದಲ್ಲೂ ಚಳಿ ಇರುತ್ತದೆ ಎಂದರೆ ಮೈಸೂರಿನ ನಮ್ಮ ಚಿಕ್ಕಮ್ಮ ಇವತ್ತಿಗೂ ನಂಬುವುದಿಲ್ಲ. "ಅಲ್ಲಿ ಬರೀ ಬೀಚ್ ಅಲ್ವೇನೇ?" ಎನ್ನುತ್ತಾರೆ. ಜುಲೈ ತಿಂಗಳ ಒಂದು ಬೆಳಗ್ಗೆ ಅವರ ಕೈಗೆ ಸ್ಪ್ಯಾನರ್ ಕೊಟ್ಟು, ಅಡಿಲೇಡ್ ಬೆಟ್ಟಗಳ ಮೇಲೆ ಯಾರದಾದರೂ ಗೇಟಿನ ಮುಂದೆ ಮಂಡಿಯೂರಿ ಕೂರಿಸಬೇಕೆಂದು ನನಗೆ ಬಹಳ ದಿನದಿಂದ ಆಸೆ. ಹುಲ್ಲಿನ ಮೇಲೆ ಉಪ್ಪು ಚೆಲ್ಲಿದ ಹಾಗೆ ಹಿಮ ಕೂತಿರುತ್ತದೆ. ಬೆರಳು ನಮ್ಮದೋ ಬೇರೆಯವರದೋ ತಿಳಿಯುವುದಿಲ್ಲ. ಆಮೇಲೆ ಬೀಚಿನ ಮಾತು ಎತ್ತಲಿ, ನೋಡೋಣ.

ನಾನು ಗೇಟ್ ರಿಪೇರಿ ಮಾಡುವವಳು. ಕಾರಿನಲ್ಲಿ ಕೂತು ರಿಮೋಟ್ ಒತ್ತಿದರೆ ತಾನಾಗಿ ಸರಿದು ದಾರಿ ಬಿಡುತ್ತದಲ್ಲ, ಅಂಥ ಗೇಟು. ಎಲೆಕ್ಟ್ರಾನಿಕ್ಸ್ ಓದಲು ಬ್ರಿಸ್ಬೇನಿಗೆ ಬಂದು ಅಲ್ಲಿನ ಟೂವಾಂಗ್ ಬಡಾವಣೆಯ ಬಾಡಿಗೆ ಮನೆಯಲ್ಲಿದ್ದಾಗ, ಅಕ್ಕಿ ಬೇಳೆ ಖರ್ಚಿಗಾದೀತು ಎಂದು ಹಿಡಿದ ಪಾರ್ಟ್ ಟೈಮ್ ಕೆಲಸ ಕೊನೆಗೆ ಹೊಟ್ಟೆಪಾಡೇ ಆಯಿತು. ಬ್ರಿಸ್ಬೇನಿನ ಗೇಟುಗಳಿಗೆ ಶತ್ರುಗಳೆಂದರೆ ಇರುವೆ ಮತ್ತು ಹಲ್ಲಿ. ಬೆಚ್ಚಗಿದೆ ಎಂದು ಮೋಟಾರಿನ ಡಬ್ಬಿಯೊಳಗೆ ಸಂಸಾರ ಹೂಡುತ್ತವೆ, ಕರೆಂಟು ತಗುಲಿ ತಾವೂ ಸತ್ತು ಗೇಟನ್ನೂ ಸಾಯಿಸುತ್ತವೆ. ಮದುವೆಯಾಗಿ ಅಡಿಲೇಡಿನ ಬ್ಲೇರ್ ಅಥಾಲಿಗೆ ಬಂದ ಮೇಲೆ ನನಗೆ ಚಳಿ ಎಂಬ ಹೊಸ ಶತ್ರು ಸಿಕ್ಕಿತು. ನಮ್ಮ ಬಡಾವಣೆಯಲ್ಲಿ ಅದು ಅಷ್ಟಿಲ್ಲ, ಬೆಟ್ಟದ ಮೇಲೆ ಮಾತ್ರ ಜೋರು. ಚಳಿಗೆ ಬ್ಯಾಟರಿ ಸೊರಗುತ್ತದೆ, ಗ್ರೀಸು ಬಿಗಿಯುತ್ತದೆ, ಗೇಟು ಭಾರವಾಗುತ್ತದೆ. ಮೋಟಾರಿಗಾದರೋ ಒಂದು ಅತಿಬುದ್ಧಿ. ಎಳೆಯುವಾಗ ಬಿಗಿ ಕಂಡರೆ, ಯಾವುದೋ ಮಗು ಅಡ್ಡ ಸಿಕ್ಕಿರಬೇಕು ಎಂದುಕೊಂಡು ಅಲ್ಲೇ ನಿಂತು ವಾಪಸ್ಸಾಗುತ್ತದೆ. ಚಳಿಗಾಲದಲ್ಲಿ ನನಗೆ ಬರುವ ಫೋನುಗಳಲ್ಲಿ ಮುಕ್ಕಾಲು ಪಾಲು ಈ ಅತಿಬುದ್ಧಿಯ ಮೇಲಿನ ದೂರೇ.

ಆಂಟಿಯ ಫೋನೂ ಹಾಗೇ ಬಂತು. ಇಲ್ಲಿನ ಕನ್ನಡಿಗರ ಯುಗಾದಿ ಊಟದಲ್ಲಿ ನನಗೆ ಬೇಡವೆಂದರೂ ಎರಡು ಹೋಳಿಗೆ ಹೆಚ್ಚಿಗೆ ಹಾಕಿ ಪರಿಚಯವಾದವರು ಅವರು. ಅವರ ಯಜಮಾನರು, ಅಂದರೆ ಅಂಕಲ್, ಪರ್ತ್‌ನಲ್ಲಿ ಮನೆ ಮಾಡಿಕೊಂಡು ಗಣಿ ಕಂಪನಿಯಲ್ಲಿ ಭೂವಿಜ್ಞಾನಿಯಾಗಿದ್ದವರು. ಎರಡು ವಾರ ಗಣಿ, ಒಂದು ವಾರ ಮನೆ, ಹೀಗೆ ವಿಮಾನದಲ್ಲಿ ಓಡಾಡಿಯೇ ರಿಟೈರ್ ಆದರು. ಆದ ಮೇಲೆ ಅಡಿಲೇಡಿನ ಬೆಟ್ಟದಲ್ಲಿ ಮನೆ ಕೊಂಡರು. ಯಾಕೆಂದು ಕೇಳಿದರೆ ಆಂಟಿಯ ಉತ್ತರ ಸಿದ್ಧವಿರುತ್ತಿತ್ತು: "ಇವರು ಮನೆ ಎಲ್ಲಿ ನೋಡಿದ್ರಮ್ಮ? ಮನೆ ಕೆಳಗಿರೋ ಕಲ್ಲು ನೋಡಿದ್ರು, ಸಹಿ ಹಾಕ್ಬಿಟ್ರು."

ಆ ಕಲ್ಲಿನ ಮೇಲೆ ಕೂತು ಆಂಟಿಗೆ ಬೇಜಾರು ಬಂತು. ಐವತ್ತೆಂಟನೆಯ ವಯಸ್ಸಿನಲ್ಲಿ ಡ್ರೈವಿಂಗ್ ಕಲಿಯಲು ಹೊರಟರು. ಪರೀಕ್ಷೆಯಲ್ಲಿ ಫೇಲಾದರು, ಮತ್ತೆ ಫೇಲಾದರು, ಕೊನೆಗೆ ಪರೀಕ್ಷೆ ಮಾಡುವವನಿಗೇ ಸಾಕಾಯಿತೋ ಏನೋ, ಪಾಸಾದರು. ಆಮೇಲೆ ಯಾರಿಗೂ ಹೇಳದೆ ಅರ್ಜಿ ಹಾಕಿ, ಬೆಟ್ಟದ ಕೆಳಗಿನ ಒಂದು ವೃದ್ಧಾಶ್ರಮದ ಅಡುಗೆಮನೆಯಲ್ಲಿ ಬೆಳಗಿನ ತಿಂಡಿಯ ಕೆಲಸ ಗಿಟ್ಟಿಸಿಕೊಂಡರು. ಏಳು ಗಂಟೆಗೆ ಅಲ್ಲಿರಬೇಕು. ಜೀವನದಲ್ಲಿ ಮೊದಲ ಕೆಲಸ. ಹೆಸರು ಬರೆದ ಬ್ಯಾಡ್ಜನ್ನು ನನಗೆ ಫೋಟೋ ತೆಗೆದು ಕಳಿಸಿದ್ದರು.

ಅಂಕಲ್‌ಗೆ ಇದು ಹಿಡಿಸಲಿಲ್ಲ. "ಈ ವಯಸ್ಸಲ್ಲಿ ಕೆಲಸಕ್ಕೆ ಹೋಗೋ ಕರ್ಮ ಏನು ಬಂದಿದೆ? ನಾನಂತೂ ಇದಕ್ಕೆ ಕೈ ಹಾಕಲ್ಲ" ಎಂದು ಬಂದವರೆದುರಿಗೆಲ್ಲ ಹೇಳಿಕೊಂಡು ತಿರುಗಿದರು. ತಡೆಯಲು ಅವರು ಕೈ ಹಾಕುವ ಅವಶ್ಯಕತೆಯೇ ಬೀಳಲಿಲ್ಲ. ಗೇಟೇ ಅವರ ಪಕ್ಷ ಸೇರಿತು.

"ಬೆಳಗ್ಗೆ ಹಠ ಮಾಡುತ್ತಮ್ಮ" ಎಂದು ಆಂಟಿ ಫೋನಿನಲ್ಲಿ ಅಳುವ ಧ್ವನಿಯಲ್ಲಿ ಹೇಳಿದರು. "ಒಂದಡಿ ಸರಿಯುತ್ತೆ, ಮತ್ತೆ ಮುಚ್ಕೊಳ್ಳುತ್ತೆ. ಮಧ್ಯಾಹ್ನ, ಇಲ್ಲಿಯವರ ಆರ್ವೋ ಹೊತ್ತಿಗೆ, ಏನೂ ಆಗೇ ಇಲ್ಲ ಅನ್ನೋ ಹಾಗೆ ನೆಟ್ಟಗೆ ಓಡುತ್ತೆ. ಲೇಟಾಗಿ ಹೋಗಿ ಹೋಗಿ ನಮ್ಮ ಮ್ಯಾನೇಜರಮ್ಮ ಹೇಳ್ಬಿಟ್ಟಿದ್ದಾಳೆ, ಇನ್ನೊಂದು ಸಲ ಲೇಟಾದ್ರೆ ಬರೋದು ಬೇಡ ಅಂತ. ಇನ್ನೂ ಪ್ರೊಬೇಷನ್ ನನ್ನದು."

ಆ ದಿನ ಮಧ್ಯಾಹ್ನವೇ ಹೋದೆ. ಕಪ್ಪು ಬಣ್ಣದ ದೊಡ್ಡ ಕಬ್ಬಿಣದ ಗೇಟು. ಅಡಿಯಲ್ಲಿ ಚಕ್ರ, ನೆಲದಲ್ಲಿ ಹಳಿ, ಪಕ್ಕಕ್ಕೆ ಸರಿಯುವಂಥದು. ಚೆನ್ನಾಗಿ ಬಿಸಿಲು ಬಿದ್ದಿತ್ತು. ರಿಮೋಟ್ ಒತ್ತಿದೆ, ಮದುವಣಗಿತ್ತಿಯ ಹಾಗೆ ವಿನಯದಿಂದ ಸರಿಯಿತು. ಚಳಿಗೆ ಸ್ವಲ್ಪ ಸೋಮಾರಿಯಾಗಿರಬೇಕು ಎಂದು ಮೋಟಾರಿನ ಎಳೆಯುವ ಬಲವನ್ನು ಎಷ್ಟು ಏರಿಸಬಹುದೋ ಅಷ್ಟು ಏರಿಸಿ ಬಂದೆ. ಮಾರನೆಯ ಬೆಳಗ್ಗೆ ಮತ್ತೆ ಹಠ. ಪುಣ್ಯಕ್ಕೆ ಅವತ್ತು ಆಂಟಿಗೆ ರಜೆ ಇತ್ತು. ಮತ್ತೆ ಹೋಗಿ ಬ್ಯಾಟರಿ ಬದಲಾಯಿಸಿದೆ. ನಾನಿರುವಷ್ಟು ಹೊತ್ತು ಗೇಟು ಹತ್ತು ಸಲ ಓಡಿ ತೋರಿಸಿತು. ಡಾಕ್ಟರ ಮುಂದೆ ಹೋದಾಗ ಮಾತ್ರ ಹೊಟ್ಟೆನೋವು ಮಾಯವಾಗುವ ಸ್ಕೂಲು ಮಕ್ಕಳಿರುತ್ತಾರಲ್ಲ, ಹಾಗೆ.

ಆಗಲೇ ಆಂಟಿ ಕಾಫಿ ಕೊಡುವ ನೆಪದಲ್ಲಿ ನನ್ನನ್ನು ಅಡುಗೆಮನೆಗೆ ಕರೆದು, ಧ್ವನಿ ತಗ್ಗಿಸಿದರು.

"ಇವರೇ ಏನೋ ಮಾಡ್ತಿದಾರೆ ಅನ್ಸುತ್ತೆ ಕಣಮ್ಮ."

"ಅಂಕಲ್ಲಾ?"

"ಸಾಯಂಕಾಲ ಟಾರ್ಚ್ ಹಿಡ್ಕೊಂಡು ಗೇಟಿನ ಹತ್ರ ಹೋಗ್ತಾರೆ. ಕೇಳಿದ್ರೆ ವಾಕಿಂಗ್ ಅಂತಾರೆ. ಮದುವೆಯಾದಾಗಿನಿಂದ ಇವರು ವಾಕಿಂಗ್ ಹೋಗಿದ್ದು ನಾನು ನೋಡಿಲ್ಲ. ಮೊನ್ನೆ ಮುಖಕ್ಕೇ ಕೇಳ್ದೆ, ನನ್ನ ಕೆಲಸ ಕಳೀಬೇಕು ಅಂತ ಗೇಟ್ ಕೆಡಿಸ್ತಿದೀರಾ ಅಂತ. ಎದ್ದು ಹೋಗಿ ಟಿವಿ ಹಾಕ್ಕೊಂಡ್ರು."

ಹೀಗೆ ಹೇಳುವಾಗ ಅವರ ಕಣ್ಣಲ್ಲಿ ನೀರಿತ್ತು. ಕೆಲಸ ಹೋಗುತ್ತದೆ ಎಂಬುದಕ್ಕಿಂತ, ಅದನ್ನು ಕಳೆದವರು ಗಂಡನೇ ಆದರೆ ಎಂಬುದು ಅವರನ್ನು ಹೆಚ್ಚು ತಿನ್ನುತ್ತಿತ್ತು. ನನಗೂ ಸಂಕಟವಾಯಿತು. ಗೇಟು ಕೆಟ್ಟರೆ ರಿಪೇರಿ ಮಾಡಬಹುದು, ಗಂಡ ಕೆಟ್ಟರೆ ಅದಕ್ಕೆ ನನ್ನ ಬಳಿ ಬಿಡಿಭಾಗ ಇಲ್ಲ.

ಹೊರಗೆ ಬಂದು ಅಂಕಲ್ ಹತ್ತಿರ ಸುಮ್ಮನೆ ಕೇಳಿದಂತೆ ಕೇಳಿದೆ: "ಅಂಕಲ್, ಈ ಗೇಟನ್ನ ಯಾರಾದ್ರೂ ಮುಟ್ತಾರಾ?"

"ನಾನ್ಯಾಕೆ ಮುಟ್ಲಿ?" ಎಂದರು ಥಟ್ಟನೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡು ನೋಡುವುದು ಎಂದರೆ ಇದೇ. ಅವರು ಹತ್ತಿರ ಬಂದಾಗ ಘಮ್ಮೆಂದು ಕೊಬ್ಬರಿ ಎಣ್ಣೆಯ ವಾಸನೆ ಬಂತು. ಅಂಕಲ್ ತಲೆ ಪೂರ್ತಿ ಬೋಳು. ಬೆಳೆಯೇ ಇಲ್ಲದ ಹೊಲಕ್ಕೆ ಯಾಕಪ್ಪ ಇಷ್ಟು ನೀರು ಹಾಯಿಸುತ್ತಾರೆ ಎಂದು ಮನಸ್ಸಿನಲ್ಲೇ ನಕ್ಕು ಸುಮ್ಮನಾದೆ. ನಗುವುದನ್ನು ಬಿಟ್ಟು ಅಲ್ಲೇ ಯೋಚಿಸಿದ್ದರೆ ನನ್ನ ಒಂದು ಬೆಳಗಿನ ನಿದ್ದೆ ಉಳಿಯುತ್ತಿತ್ತು.

ಮಾರನೆಯ ದಿನ ಆಂಟಿಗೆ ಕೆಲಸವಿತ್ತು. ಗೇಟು ಹಠ ಮಾಡುವ ಹೊತ್ತಿಗೇ ನೋಡೋಣ ಎಂದು, ಮಗಳು "ಮಮ್, ಇಟ್ಸ್ ಫ್ರೀಜಿಂಗ್, ಡೋಂಟ್ ಗೋ" ಎಂದು ಹಾಸಿಗೆಯಿಂದಲೇ ಗೊಣಗುತ್ತಿರುವಾಗ ವ್ಯಾನು ಹತ್ತಿದೆ. ಬೆಟ್ಟ ಸೇರುವಾಗ ಆರು ಗಂಟೆ. ಇನ್ನೂ ಬೆಳಕು ಹರಿದಿರಲಿಲ್ಲ. ಗೇಟಿನ ಒಳಗಡೆ ಆಂಟಿಯ ಪುಟ್ಟ ಕಾರು ಹೆಡ್‌ಲೈಟ್ ಹಾಕಿಕೊಂಡು ನಿಂತಿತ್ತು. ಒಳಗೆ ಕೂತ ಆಂಟಿಗೆ ಯೂನಿಫಾರ್ಮಿನ ಮೇಲೆ ಸ್ವೆಟರ್, ಅದರ ಮೇಲೆ ಜಾಕೆಟ್, ಎಲ್ಲಕ್ಕಿಂತ ಮೇಲೆ ಬ್ಯಾಡ್ಜು. ಗೇಟು ಒಂದಡಿ ಸರಿಯಿತು, ನರಳಿತು, ವಾಪಸ್ಸಾಯಿತು.

ಪಕ್ಕದ ಚಿಕ್ಕ ಬಾಗಿಲಿನಿಂದ ಒಳಗೆ ಹೋಗಿ, ಕೀಲಿ ತಿರುಗಿಸಿ ಮೋಟಾರಿನಿಂದ ಗೇಟನ್ನು ಬಿಡಿಸಿದೆ. ಹೀಗೆ ಮಾಡಿದರೆ ಕೈಯಲ್ಲೇ ತಳ್ಳಬಹುದು. ತಳ್ಳಿದೆ. ಅಲುಗಲಿಲ್ಲ. ಅಂದರೆ ಮೋಟಾರು, ಬ್ಯಾಟರಿ ಯಾವುದರದೂ ತಪ್ಪಿಲ್ಲ. ಬಿಗಿ ಇರುವುದು ಗೇಟಿನಲ್ಲೇ. ನೆಲಕ್ಕೆ ಕೆನ್ನೆ ತಾಗಿಸಿ ಟಾರ್ಚ್ ಬಿಟ್ಟು ಚಕ್ರದ ಸಂದಿ ನೋಡಿದೆ. ಮೇಣದ ಹಾಗೆ ಬೆಳ್ಳಗೆ ಏನೋ ಗಟ್ಟಿಯಾಗಿ ತುಂಬಿಕೊಂಡಿತ್ತು, ಅದರಲ್ಲಿ ಎಲೆ, ಮರಳು, ಒಂದು ಸತ್ತ ಜೀರುಂಡೆ. ಉಗುರಿನಲ್ಲಿ ಕೆರೆದು ಮೂಸಿದೆ.

ಕೊಬ್ಬರಿ ಎಣ್ಣೆ.

ತಲೆಯೆತ್ತಿದರೆ ಮಂಕಿ ಕ್ಯಾಪು, ಶಾಲು, ಹವಾಯಿ ಚಪ್ಪಲಿಯಲ್ಲಿ ಅಂಕಲ್ ನಿಂತಿದ್ದರು. ಕೇಳುವ ಅವಶ್ಯಕತೆಯೇ ಇರಲಿಲ್ಲ.

"ಅದು... ಬ್ರಿಸ್ಬೇನಲ್ಲಿ ಮಗಳ ಮನೆ ಗೇಟು ಕೀಚ್ ಅಂತಿತ್ತಮ್ಮ" ಎಂದರು. "ಡಿಸೆಂಬರ್ ಸೆಕೇಲಿ ಹೋದಾಗ ಕೊಬ್ಬರಿ ಎಣ್ಣೆ ಬಿಟ್ಟೆ. ಬೆಣ್ಣೆ ಹಾಗೆ ಓಡ್ತು. ಅದಕ್ಕೇ ಇಲ್ಲೂ ದಿನಾ ಸಾಯಂಕಾಲ ಬಿಸಿ ಮಾಡಿ ಬಿಡ್ತಿದ್ದೆ. ಬೆಳಗ್ಗೆ ಇನ್ನೂ ಬಿಗಿ ಅಂದ್ಲು, ಸಾಲದೇನೋ ಅಂತ ಇನ್ನೊಂದು ಚೂರು ಜಾಸ್ತಿ ಹಾಕ್ದೆ."

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿಟ್ಟಿದ್ದರು. ಮಧ್ಯಾಹ್ನದ ಬಿಸಿಲಿಗೆ ಕಪ್ಪು ಕಬ್ಬಿಣ ಕಾದು ಎಣ್ಣೆ ಮೆತ್ತಗಾಗುತ್ತಿತ್ತು, ಗೇಟು ಓಡುತ್ತಿತ್ತು. ಹಿಮ ಬಿದ್ದ ಬೆಳಗ್ಗೆ ಎಣ್ಣೆ ಕಲ್ಲಾಗುತ್ತಿತ್ತು. ಕೋಟಿ ವರ್ಷದ ಬಂಡೆಗಳ ವಯಸ್ಸು ಹೇಳುವ ಮನುಷ್ಯನಿಗೆ ಇದು ಹೊಳೆಯಲಿಲ್ಲವೇ ಎಂದು ನಗೋಣವೆಂದರೆ, ಪ್ರತಿ ಭಾನುವಾರ ಎಣ್ಣೆ ಬಾಟಲಿಯನ್ನು ಹೀಟರಿನ ಮುಂದಿಟ್ಟು ಕರಗಿಸಿಕೊಳ್ಳುವ ನನಗೇ ಹೊಳೆದಿರಲಿಲ್ಲ. ತಲೆಗೆ ಹಚ್ಚುವಾಗ ನೆನಪಿರುವುದು ಗೇಟಿಗೆ ಹಚ್ಚುವಾಗ ನಮ್ಮ ಜನಕ್ಕೆ ನೆನಪಿರುವುದಿಲ್ಲ.

ಅಷ್ಟರಲ್ಲಿ ಆಂಟಿ ಕಾರಿಳಿದು ಬಂದಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಮತ್ತೆ ನಾನು ಕೇಳ್ದಾಗ ಯಾಕೆ ಹೇಳ್ಲಿಲ್ಲ?"

ಅಂಕಲ್ ಗೇಟಿನ ಕಡೆ ನೋಡುತ್ತಾ ಹೇಳಿದರು: "ಹೇಗೆ ಹೇಳ್ಲಿ? ನೀನು ಕೆಲಸಕ್ಕೆ ಹೋಗೋದು ಬೇಡ ಅಂತ ಊರಿಗೆಲ್ಲ ಸಾರಿದೋನು ನಾನು. ಲೇಟಾಗದೇ ಇರ್ಲಿ ಅಂತ ಗೇಟಿಗೆ ಎಣ್ಣೆ ಹಾಕ್ತಿದೀನಿ ಅಂತ ಯಾವ ಬಾಯಲ್ಲಿ ಹೇಳ್ಲಿ?"

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದು. ಆ ಮೀಸೆಯನ್ನು ಉಳಿಸಿಕೊಳ್ಳಲು ಈ ಮನುಷ್ಯ ಹೆಂಡತಿಯಿಂದ ಕಳ್ಳನೆನಿಸಿಕೊಳ್ಳಲೂ ತಯಾರಿದ್ದರು. ನನಗೆ ಅವರ ಮೇಲೆ ಸಿಟ್ಟೂ ಬಂತು, ಕರುಣೆಯೂ ಬಂತು. ಆದರೆ ಎರಡಕ್ಕೂ ಸಮಯವಿರಲಿಲ್ಲ. ಆರೂವರೆ ಹತ್ತಿರವಾಗಿತ್ತು.

"ಅಂಕಲ್, ಬಿಸಿನೀರು" ಎಂದೆ.

ಅವರು ಓಡಿದ್ದನ್ನು ನೀವು ನೋಡಬೇಕಿತ್ತು. ಚಪ್ಪಲಿ ಒಂದು ಅಂಗಳದಲ್ಲೇ ಉಳಿಯಿತು. ಕೆಟಲ್ ತಂದರು, ಚಕ್ರಕ್ಕೆ ಹುಯ್ದೆ. ಮತ್ತೆ ಓಡಿದರು, ಮತ್ತೆ ತಂದರು. ಹಬೆ ಎದ್ದಿತು, ಬೆಳ್ಳಗಿದ್ದದ್ದು ಕರಗಿ ಹಳಿಯ ಮೇಲೆ ಹರಿಯಿತು, ಇಡೀ ಬೆಟ್ಟ ದೀಪಾವಳಿಯ ಬಚ್ಚಲುಮನೆಯ ಹಾಗೆ ಘಮಘಮಿಸಿತು.

"ಎಣ್ಣೆ ಹಚ್ಚೋಕ್ಕೆ ಗೊತ್ತಿದ್ರೆ ಸಾಲ್ದು, ಹಚ್ಚಿದ ಮೇಲೆ ಬಿಸಿನೀರು ಹಾಕೋಕ್ಕೂ ಗೊತ್ತಿರ್ಬೇಕು" ಎಂದರು ಆಂಟಿ. ಧ್ವನಿಯಲ್ಲಿ ಗದರಿಕೆ ಇತ್ತು. ಆದರೆ ಸೆರಗಿಲ್ಲದ ಯೂನಿಫಾರ್ಮಿನಲ್ಲಿ ಕಣ್ಣೊರೆಸಿಕೊಳ್ಳಲು ಏನೂ ಸಿಗದೆ ಜಾಕೆಟ್ಟಿನ ತೋಳನ್ನೇ ಬಳಸುತ್ತಿದ್ದರು.

ನಾನೂ ಅಂಕಲ್ಲೂ ಹೆಗಲು ಕೊಟ್ಟೆವು. ಗೇಟು ಮೊದಲು ಮುನಿಸು ತೋರಿಸಿ, ಆಮೇಲೆ ಒಮ್ಮೆಗೇ ಸರಿಯಿತು. ಆಂಟಿ ಕಾರು ಹತ್ತಿದರು. ಮೊದಲು ವೈಪರ್ ಓಡಿತು, ಆಮೇಲೆ ಇಂಡಿಕೇಟರ್, ಕೊನೆಗೆ ಕಾರು. ತಿರುವಿನಲ್ಲಿ ಕೆಂಪು ದೀಪ ಮರೆಯಾಗುವ ತನಕ ನೋಡಿದೆವು.

ನಾನು ಚಕ್ರ ಬಿಚ್ಚಿ ಎಣ್ಣೆ ಒರೆಸಿ, ಚಳಿಗೆ ಗಟ್ಟಿಯಾಗದ ಗ್ರೀಸು ತುಂಬುವಷ್ಟು ಹೊತ್ತೂ ಅಂಕಲ್ ಒಳಗೆ ಹೋಗಲಿಲ್ಲ. ಒಂಟಿ ಚಪ್ಪಲಿಯಲ್ಲೇ ಫೋನು ಹಿಡಿದು ನಿಂತಿದ್ದರು. "ಕೆಳಗಡೆ ರಸ್ತೆ ಮೇಲೆ ಮಂಜುಗಡ್ಡೆ ಇರುತ್ತೆ. ಇವಳು ಬ್ರೇಕ್ ಜೋರಾಗಿ ಒತ್ತುತ್ತಾಳೆ" ಎಂದು ತಮಗೆ ತಾವೇ ಹೇಳಿಕೊಂಡರು. ಕೆಲಸ ಬೇಡವೆಂದದ್ದರ ಹಿಂದೆ ಇದ್ದದ್ದು ಅಷ್ಟೂ ಜಂಬವಲ್ಲ, ಅರ್ಧ ಭಯ, ಎಂದು ನನಗೆ ಆಗ ತಿಳಿಯಿತು.

ಫೋನು ರಿಂಗಾಯಿತು. ಚಳಿಗೆ ಬೆರಳು ಮರಗಟ್ಟಿ ಅಂಕಲ್ ಸ್ಪೀಕರ್ ಒತ್ತಿಬಿಟ್ಟರು.

"ತಲುಪಿದೆ ರೀ. ಏಳಕ್ಕಿಂತ ಮುಂಚೆನೇ. ಮ್ಯಾನೇಜರಮ್ಮ ಗಡಿಯಾರ ನೋಡಿ ಗುಡ್ ಮಾರ್ನಿಂಗ್ ಅಂದ್ಲು."

"ಹೂಂ" ಎಂದರು ಅಂಕಲ್. "ನಾಳೆಯಿಂದ ನಾನೇ ಎದ್ದು ಗೇಟ್ ತೆಗೀತೀನಿ."

"ಏನೂ ಬೇಡ. ಗೇಟ್ ತಾನೇ ತೆರ್ಕೊಳ್ಳುತ್ತೆ, ಅದಕ್ಕೇ ತಾನೆ ಆ ಹುಡುಗಿ ಚಳೀಲಿ ಬಂದಿರೋದು." ಆ ಕಡೆ ಪಾತ್ರೆಗಳ ಸದ್ದು ಕೇಳುತ್ತಿತ್ತು. "ಪರ್ತ್‌ನಲ್ಲಿ ನೀವು ಗಣಿಗೆ ಹೊರಡೋ ದಿನವೆಲ್ಲ ನಾನು ನಿಮಗಿಂತ ಮುಂಚೆ ಎದ್ದು ಕಾಫಿ ಕೊಟ್ಟು ಕಳಿಸ್ತಿದ್ದೆ. ಒಂದು ದಿನ ತಪ್ಪಿಸಿಲ್ಲ. ಈಗ ಕೆಲಸಕ್ಕೆ ಹೊರಡೋಳು ನಾನು."

ಅಂಕಲ್ ಮಂಕಿ ಕ್ಯಾಪನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡರು. ನಾನು ಸ್ಪ್ಯಾನರ್ ಹುಡುಕುವವಳಂತೆ ಬೇರೆ ಕಡೆ ತಿರುಗಿದೆ. ಅವರು ಫೋನನ್ನು ಬಾಯಿಯ ಹತ್ತಿರ ತಂದುಕೊಂಡು ಕೇಳಿದರು:

"ಕಾಫಿ ಎಷ್ಟು ಗಂಟೆಗೆ ಬೇಕು?"