ರಾಯಚೂರಿಗೊಂದು ಶಾಖೆ

ಈ ಬೆಳಿಗ್ಗೆ ನಮ್ಮ ಆಡಿಟರುಗಳ ಸಂಸ್ಥೆಯ ರಾಯಚೂರು ಶಾಖೆಯ ಮೆಟ್ಟಿಲು ಹತ್ತುವಾಗ ಎಣ್ಣೆಬಣ್ಣದ ವಾಸನೆ ಮೂಗಿಗೆ ಬಡಿಯಿತು. ಹೊಸ ಅಧ್ಯಕ್ಷರ ಹೆಸರನ್ನು ಫಲಕದ ಮೇಲೆ ಬರೆಯುತ್ತಿದ್ದರು: ಸುಜಾತಾ, ದೇವದುರ್ಗ. ಬಣ್ಣದ ವಾಸನೆ ನನಗಾಗದು, ಆದರೂ ಅಲ್ಲೇ ನಿಂತೆ. ಯಾಕೆಂದು ಹೇಳುತ್ತೇನೆ, ಸ್ವಲ್ಪ ಪುರುಸೊತ್ತು ಮಾಡಿಕೊಳ್ಳಿ.

ನಿಜಾಮರ ಕಾಲದಲ್ಲಿ ನಮ್ಮ ಕಡೆ ಲೆಕ್ಕವೆಂದರೆ ಮುನೀಮರ ಕೆಲಸ. ಒಬ್ಬೊಬ್ಬರದು ಒಂದೊಂದು ಪದ್ಧತಿ; ಅಪ್ಪನಿಂದ ಮಗನಿಗೆ ಬಂದದ್ದು. ಸ್ವಾತಂತ್ರ್ಯ ಬಂದ ಮೇಲೆ ದೇಶಕ್ಕೊಂದು ಕಾನೂನು, ದೆಹಲಿಯಲ್ಲೊಂದು ಸಂಸ್ಥೆ, ಪರೀಕ್ಷೆ, ಸನ್ನದು ಎಲ್ಲವೂ ಆಯಿತು. ಯಾರ ಮಗಳಾದರೂ ಓದಿ ಆಡಿಟರ್ ಆಗಬಹುದು ಎಂದಾಯಿತು. ಆದರೆ ಆ ಸಂಸ್ಥೆ ದೊಡ್ಡ ಊರುಗಳನ್ನು ದಾಟಿ ನಮ್ಮ ತನಕ ಬರಲು ಬಹಳ ತಡ ಮಾಡಿತು. ಶಾಖೆ ಇಲ್ಲದ ನಮ್ಮೂರಿಗೆ ಪರೀಕ್ಷಾ ಕೇಂದ್ರವೂ ಇರಲಿಲ್ಲ.

ಆಗ ಸುಜಾತಾ ನನ್ನ ಆಫೀಸಿನಲ್ಲಿ ತರಬೇತಿಗಿದ್ದಳು. ಅಪ್ಪ ಅವ್ವ ಇಬ್ಬರೂ ದೇವದುರ್ಗದಲ್ಲಿ ಕೂಲಿ ಮಾಡಿ ಓದಿಸಿದ್ದರು. ಹುಡುಗಿ ಓದಿನಲ್ಲಿ ಚುರುಕು, ಬಾಯಿ ಇನ್ನೂ ಚುರುಕು. ಆದರೆ ಪರೀಕ್ಷೆ ಮುಗಿಯುವ ತನಕ ಹೈದರಾಬಾದಿನಲ್ಲಿ ಇರಬೇಕು. "ಅಲ್ಲಿ ಇಳಕೊಳ್ಳಾಕ ನಮಗ ಯಾರದಾರ್ರಿ ಸರ? ಅಪ್ಪ ಬ್ಯಾಡ ಅನ್ನಾಕತ್ತಾನ" ಎಂದು ಒಂದು ಸಲ ಪರೀಕ್ಷೆ ಬಿಟ್ಟಳು, ಮತ್ತೊಂದು ಸಲವೂ ಬಿಟ್ಟಳು. ಮುಂದಿನ ಸಲವೂ ಹೀಗೇ ಆದರೆ ಅವಳ ಓದೇ ನಿಲ್ಲುವುದಿತ್ತು.

ಶಾಖೆ ಕೊಡಿ ಎಂದು ನಾವು ಕೇಳಿಕೊಂಡೆವು. ಸಂಸ್ಥೆಯ ಕಡೆಯಿಂದ ಬೆಂಗಳೂರಿನ ಹಿರಿಯರೊಬ್ಬರು ನೋಡಲು ಬಂದರು. ರಾಯಚೂರು, ಮಾನ್ವಿ, ದೇವದುರ್ಗದ ಆಡಿಟರುಗಳೆಲ್ಲ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕುಳಿತೆವು. ಅವರು ಕೇಳಿದ್ದು ಇಷ್ಟೇ: "ನಿಮಗೆ ಶಾಖೆ ಬೇಕೇ? ಕೊಟ್ಟರೆ ನಡೆಸುತ್ತೀರಾ?"

ಇಲ್ಲಿ ನಮ್ಮ ಕಸುಬಿನ ಜಾಡ್ಯವನ್ನು ಹೇಳಲೇಬೇಕು. ಆಡಿಟರ್ ಆದವನು ಯಾವುದನ್ನೂ ಸುಮ್ಮನೆ ಸರಿ ಎನ್ನುವುದಿಲ್ಲ. ಜೊತೆಗೊಂದು ಷರತ್ತು ಇರಬೇಕು. ಸಾರು ಹೇಗಿದೆ ಎಂದು ಹೆಂಡತಿ ಕೇಳಿದರೆ "ಉಂಡಷ್ಟರ ಮಟ್ಟಿಗೆ ಚಲೋ ಅದ" ಎಂದು ಬೈಸಿಕೊಂಡವನು ನಾನು. ಅವತ್ತೂ ಹಾಗೇ ಆಯಿತು. ಮಾನ್ವಿಯ ಖಾಜಾ ಸಾಹೇಬರು, "ಸದ್ಯದ ಮಾಹಿತಿ ಪ್ರಕಾರ ಬೇಕಾಗಬಹುದ್ರಿ" ಎಂದರು. ನಾನು, "ಎಲ್ಲಾರೂ ಕೂಡಿ ಬಂದ್ರ ನಡೀಬಹುದ್ರಿ" ಎಂದೆ. ಉಳಿದವರದೂ ಅದೇ ರಾಗ. ಬಂದವರು ಪೆನ್ನಿಗೆ ಮುಚ್ಚಳ ಹಾಕಿದರು. "ನಿಮಗೇ ನಂಬಿಕೆ ಇಲ್ಲವಲ್ಲ" ಎಂದು ಎದ್ದರು.

ನಮ್ಮಲ್ಲಿ ಹಿರಿಯರಾದ ಗುರುರಾಜಾಚಾರ್ಯರು ಮಾತ್ರ ಇನ್ನೂ ಬಾಯಿ ಬಿಟ್ಟಿರಲಿಲ್ಲ. ಮಳೆಯಲ್ಲಿ ತೊಯ್ಯುತ್ತ ನಿಂತರೂ ಮಳೆ ಬಂದಂತೆ ಕಾಣುತ್ತದೆ ಎನ್ನುವ ಮನುಷ್ಯ. ವಿದ್ಯಾರ್ಥಿಗಳ ಪರವಾಗಿ ಕುಳಿತಿದ್ದ ಸುಜಾತಾ ಎದ್ದು ಅವರ ಮುಂದೆ ನಿಂತಳು.

"ಆಚಾರ್ರ, ಕೈ ಮುಗೀತೀನಿ. ಬೇಕೋ ಬ್ಯಾಡೋ ಒಂದು ಮಾತು ಹೇಳಿಬಿಡ್ರಿ. ನನ್ನ ಪರೀಕ್ಷಿ ನಿಮ್ಮ ಬಾಯಾಗ ಅದ."

ಆಚಾರ್ಯರು ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸಿದರು. ಬಹಳ ಹೊತ್ತು ಒರೆಸಿದರು. ಆಮೇಲೆ ಬಂದವರ ಕಡೆ ತಿರುಗಿ, "ಬೇಕ್ರೀ. ನಾವು ನಡಸ್ತೀವಿ. ಇದಕ್ಕ ಯಾವ ಷರತ್ತೂ ಇಲ್ಲ" ಎಂದರು.

ಖಾಜಾ ಸಾಹೇಬರು ತಡಮಾಡದೆ "ನಂದೂ ಅದೇ ಮಾತು ರೀ" ಎಂದರು. ಕೋಣೆಯ ತುಂಬ ಬೇಕ್ರೀ, ಬೇಕ್ರೀ ಎಂಬ ಗಲಾಟೆ ಎದ್ದಿತು. ನನ್ನ ದನಿಯೇ ಎಲ್ಲರಿಗಿಂತ ಜೋರಾಗಿತ್ತೆಂದು ಆಮೇಲೆ ಬಹಳ ಜನ ನಕ್ಕರು. ಬಂದವರು ಮತ್ತೆ ಕುಳಿತರು.

ಶಾಖೆ ಬಂತು, ಅದರ ಬೆನ್ನಿಗೇ ಪರೀಕ್ಷಾ ಕೇಂದ್ರವೂ ಬಂತು. ಸುಜಾತಾ ಮನೆಯಲ್ಲಿ ರೊಟ್ಟಿ ತಿಂದು ದೇವದುರ್ಗದ ಬಸ್ಸಿಗೆ ಬಂದು ಬರೆದಳು, ಪಾಸಾದಳು. ಅವತ್ತು ನನಗಾದ ಸಂತೋಷ ನಾನೇ ಪಾಸಾದಾಗಲೂ ಆಗಿರಲಿಲ್ಲ.

ಇವತ್ತೂ ಪಕ್ಕದ ಕಾಲೇಜಿನಲ್ಲಿ ಪರೀಕ್ಷೆ. ಕವಿತಾಳ, ಮಲ್ಲಟದಂಥ ಸುತ್ತಲ ಊರುಗಳ ವಿದ್ಯಾರ್ಥಿಗಳು ಗುಂಪಾಗಿ ಒಳಗೆ ಹೋದರು. ಗೇಟಿನ ಹತ್ತಿರ ನೆರಳಿನಲ್ಲಿ ಬಾಗಲವಾಡದ ತಾಯಿಯೊಬ್ಬಳು ಮಗಳ ಚೀಲ ಕಾಯುತ್ತ ಕುಳಿತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು.

"ಸಾಹೇಬ್ರ, ನಮ್ಮ ಹುಡುಗಿನೂ ಆ ಸುಜಾತಮ್ಮನಂಗ ಆಗ್ತಾಳೇನ್ರಿ?"

ಅವಳ ಮಗಳು ಯಾರೆಂದು ನನಗೆ ಗೊತ್ತಿಲ್ಲ. ಏನು ಓದಿದ್ದಾಳೆ, ಏನು ಬರೆಯುತ್ತಿದ್ದಾಳೆ, ಅದೂ ಗೊತ್ತಿಲ್ಲ.

"ಆಗ್ತಾಳ ಯವ್ವಾ" ಎಂದೆ.