ಅವರನ್ನೂ ಒಂದು ಮಾತು ಕೇಳೋಣ

ಮೈಸೂರಿನ ನಮ್ಮ ಮನೋವೈದ್ಯರ ಸಂಘ ಆಗ ಲಕ್ಷ್ಮೀಪುರಂನ ಒಂದು ಜಗಲಿಯಲ್ಲಿ ಹಿಡಿಸುವಷ್ಟು ಚಿಕ್ಕದು. ಆ ಜಗಲಿ ಕಾರ್ಯದರ್ಶಿಗಳ ಮನೆಯದು. ತಿಂಗಳಿಗೊಮ್ಮೆ ಸದಸ್ಯರಿಗೆಲ್ಲ ಕಾಫಿ ಕೊಟ್ಟು, ಕನ್ನಡಕವನ್ನು ಹಣೆಗೇರಿಸಿ ಅವರು ಸುದ್ದಿ ಹೇಳುತ್ತಿದ್ದರು: ಯಾರ ತರಬೇತಿ ಎಲ್ಲಿಗೆ ಬಂತು, ಪರೀಕ್ಷೆ ಯಾವಾಗ, ಸಂಘ ಈಗ ಏನು ಮಾಡುತ್ತಿದೆ. ಯಾವುದಾದರೂ ರೋಗಿಯ ಬಗ್ಗೆ ನಾವು ವಾದಕ್ಕಿಳಿದರೆ ಮಾತ್ರ ನಡುವೆ ಬಾಯಿ ಹಾಕುವರು: “ಅವರನ್ನೂ ಒಂದು ಮಾತು ಕೇಳೋಣ ಕಣ್ರೀ.”

ನಾನು ಈ ಕೆಲಸದಲ್ಲಿ ಉಳಿದದ್ದು ಆ ಮಾತಿನಿಂದಲೇ. ರೋಗಿಯೊಬ್ಬರನ್ನು ಮಾತಾಡಿಸಿ ರೋಗ ಏನೆಂದು ಹೇಳಬೇಕಾದ ನನ್ನ ಪರೀಕ್ಷೆಗೆ ಸಿಕ್ಕವರು, ವಾರ್ಡಿನಲ್ಲಿ ಯಾರೊಡನೆಯೂ ಮಾತಾಡದ ಹಳ್ಳಿಯ ಹೆಂಗಸು. ನೆನೆಸಿದ ಅವರೆಕಾಳನ್ನು ಹಿದುಕಿ ಸಿಪ್ಪೆ ಬಿಡಿಸುತ್ತ ಕೂತಿದ್ದರು. ನಾನು ಒಂದರ ಮೇಲೊಂದು ಪ್ರಶ್ನೆ ಕೇಳಿದೆ; ಅವರು ಹಿದುಕುತ್ತಲೇ ಇದ್ದರು. ಕೊನೆಗೆ ಪ್ರಶ್ನೆ ಬಿಟ್ಟು, ಪಕ್ಕದಲ್ಲಿ ಕೂತು ನಾನೂ ಹಿದುಕತೊಡಗಿದೆ. ಕಾಳೆಲ್ಲ ನನ್ನ ಬೆರಳಲ್ಲಿ ಜಜ್ಜಿಹೋಗುತ್ತಿತ್ತು.

“ರೋಗ ಏನು ಅಂತಾನೇ ಹೇಳಲಿಲ್ಲವಲ್ಲ! ಫೇಲು,” ಎಂದರು ಹಿರಿಯ ಪರೀಕ್ಷಕರು.

ಇನ್ನೊಬ್ಬ ಪರೀಕ್ಷಕರು ನಮ್ಮ ಕಾರ್ಯದರ್ಶಿಗಳೇ. ಕನ್ನಡಕ ಹಣೆಗೇರಿತು. “ಅವರನ್ನೂ ಒಂದು ಮಾತು ಕೇಳೋಣ ಕಣ್ರೀ.” ಆಕೆಯ ಮುಂದೆ ನೆಲದ ಮೇಲೆ ಕೂತು, ನನ್ನತ್ತ ತೋರಿಸಿ ಕೇಳಿದರು: “ಈ ಡಾಕ್ಟ್ರಮ್ಮ ನಾಳೆನೂ ಬರಬಹುದಾ, ತಾಯಿ?”

ಆಕೆ ಇನ್ನೂ ನಾಲ್ಕು ಕಾಳು ಹಿದುಕಿದರು. ಕಾರ್ಯದರ್ಶಿಗಳು ಸುಮ್ಮನೆ ಕಾದರು. ಹಾಗೆ ಕಾಯಲು ಅವರಿಗೆ ಬರುತ್ತಿತ್ತು.

“ಬರ್ಲಿ ಬುಡಿ,” ಎಂದರು ಆಕೆ. “ಕಾಳು ಹಿದುಕಕ್ಕೇ ಬರಾಕಿಲ್ಲ ಈವಮ್ಮಂಗೆ. ಕಲಿಸ್ತೀನಿ.”

ಮುಂದಿನ ತಿಂಗಳು ಜಗಲಿಯಲ್ಲಿ ಕಾಫಿಯಾದ ಮೇಲೆ ಕಾರ್ಯದರ್ಶಿಗಳು ಸುದ್ದಿ ಹೇಳಿದರು:

“ನಮ್ಮ ಡಾಕ್ಟ್ರಮ್ಮ ಪಾಸು. ತರಬೇತಿ ಮಾತ್ರ ಮುಗಿದಿಲ್ಲ ಕಣ್ರೀ. ಆ ತಾಯಿ ಇನ್ನೂ ಕಲಿಸ್ತಾ ಇದ್ದಾರೆ.”