ನನ್ನ ಕೂಸು, ಅವಳ ಹಾಲು

ನನ್ನ ಮಗ ಅತ್ತರೆ ನೆಗೆಣ್ಣಿಯ ಕುಪ್ಪಸ ಒದ್ದೆಯಾಗುತ್ತಿತ್ತು. ನನ್ನದು ಒಣಗಿದ್ದು ಒಣಗಿದ ಹಾಗೇ. ಹೆತ್ತವಳು ನಾನು! ಒಂದು ಹಗಲು, ಒಂದು ರಾತ್ರಿ ಗೋಳಾಡಿ ಹೆತ್ತವಳು. ಕೂಸು ಕುಂಯ್ ಅಂದರೆ ಸಾಕು, ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅವಳು ಎರಡೂ ಕೈ ಎದೆಗೆ ಒತ್ತಿಕೊಂಡು ಎದ್ದು ಬರುವಳು. ಅದನ್ನು ನೋಡಿದಾಗಲೆಲ್ಲ ನನ್ನ ಹೊಟ್ಟೆಯೊಳಗೆ ಬೆಂಕಿ ಬೀಳುತ್ತಿತ್ತು.

ನೆಗೆಣ್ಣಿ ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಅವಳು ನರಗುಂದದವಳು, ನಾನು ಗಜೇಂದ್ರಗಡದವಳು. ಇಬ್ಬರೂ ಅಬ್ಬಿಗೇರಿಯ ಒಂದೇ ಒಕ್ಕಲುತನದ ಮನೆಗೆ ಸೊಸೆಯರಾಗಿ ಬಂದವರು. ಐವತ್ತರ ದಶಕದ ಮಾತು. ಚೊಚ್ಚಲ ಹೆರಿಗೆ ತವರಲ್ಲಿ ಆಗಬೇಕಿತ್ತು, ಆದರೆ ನನ್ನ ಅವ್ವ ತೀರಿಕೊಂಡಿದ್ದಳು. ಹಾಗಾಗಿ ಬಾಣಂತನ ಅತ್ತೆಯ ಕೈಯಲ್ಲೇ ಆಯಿತು. ನೆಗೆಣ್ಣಿ ನನಗಿಂತ ವಾರ ಮೊದಲು ಹಡೆದಿದ್ದಳು. ಆ ಕೂಸು ಉಳಿಯಲಿಲ್ಲ. ಅದಕ್ಕೂ ಮೊದಲಿನದೂ ಉಳಿದಿರಲಿಲ್ಲ.

ಪಾಪ ಅನ್ನಬೇಕು. ಅಂದೆ ಕೂಡ. ಆದರೆ ನನ್ನ ಕೂಸು ಚೀಪಿ ಚೀಪಿ ಹಾಲು ಸಿಗದೆ ಉಸಿರುಗಟ್ಟಿ ಅತ್ತಾಗ ಅತ್ತೆ ಅದನ್ನು ನನ್ನ ಮಡಿಲಿಂದ ಎತ್ತಿ ಅವಳ ತೊಡೆಯ ಮೇಲೆ ಹಾಕಿದರು. ಗುಟುಗುಟು ಕುಡಿದು ಸುಮ್ಮನಾಯಿತು. ಅವತ್ತಿನಿಂದ ಪಾಪ ಎನ್ನುವ ಮಾತು ನನ್ನ ಬಾಯಿಂದ ಹೊರಡಲಿಲ್ಲ.

ಹಾಲು ಬರಲೆಂದು ಅಳವಿ ಬೀಜದ ಗಂಜಿ ಕುಡಿದೆ, ಸಬ್ಬಸಗಿ ಪಲ್ಯ ತಿಂದೆ, ಸುಟ್ಟ ಬೆಳ್ಳುಳ್ಳಿ ನುಂಗಿದೆ. ಮೈ ಬಂತು, ಹಾಲು ಬರಲಿಲ್ಲ. ನಮ್ಮ ಕಡೆ ಕೂಸು ಕಳೆದುಕೊಂಡವಳ ಎದೆಗೆ ಮಲ್ಲಿಗೆ ಹೂವು ಹರವಿ ಬಟ್ಟೆ ಕಟ್ಟುತ್ತಾರೆ, ಹಾಲು ಬತ್ತಲಿ ಅಂತ. ಇವಳಿಗೆ ಯಾಕೆ ಇನ್ನೂ ಕಟ್ಟಿಲ್ಲ? ಅಪ್ಪನಿಗೆ ಹೇಳಿ ಕಳಿಸಿ ಗಜೇಂದ್ರಗಡದ ಪೇಟೆಯಿಂದ ಮಲ್ಲಿಗೆ ತರಿಸಿದೆ. ಮಗಳು ಮುಡಿಯಲು ಕೇಳಿದ್ದಾಳೆ ಎಂದುಕೊಂಡು ಅವರು ಚಂದದ ದಂಡೆಯನ್ನೇ ಕಟ್ಟಿಸಿಕೊಂಡು ಬಂದರು. ಅತ್ತೆಗೆ ಮಾತ್ರ ಎಲ್ಲ ತಿಳಿಯಿತು.

"ಹೂವಾ ಯಾರ ಸಲುವಾಗಿ ತರಿಸೀದಿ, ನನಗ ಗೊತ್ತದ. ನಿನಗ ಹಾಲು ಇಳಿಯೂತನಕ ಅಕಿ ಎದಿಗೆ ಹೂವಾ ಕಟ್ಟೂದಿಲ್ಲ. ಕೂಸು ಉಪಾಸ ಸಾಯಬೇಕೇನು?"

"ಅಕಿ ಕುಡಿಸೂತನಕ ನನಗ ಹಾಲು ಬರೂದಿಲ್ರಿ ಅತ್ತಿ."

"ಹೊಟ್ಟ್ಯಾಗ ಕಿಚ್ಚು ಇಟಗೊಂಡ್ರ ಎದ್ಯಾಗ ಹಾಲು ಹ್ಯಾಂಗ ಇಳದೀತು, ಹುಚ್ಚಿ?" ಎಂದು ಅವರು ದಂಡೆಯನ್ನು ಒಯ್ದು ದೇವರ ಮನೆಯಲ್ಲಿ ಹಾಕಿದರು.

ಕೊನೆಗೆ ಚಕ್ಕಡಿ ಕಟ್ಟಿಸಿಕೊಂಡು ರೋಣದ ದವಾಖಾನೆಗೆ ಹೋದೆವು, ಅತ್ತೆ ಮತ್ತು ನಾನು. ಅಲ್ಲಿ ಪುಣೆಯ ಕಡೆಯಿಂದ ಬಂದ ಹೆಂಗಸೊಬ್ಬರು ಡಾಕ್ಟರಾಗಿದ್ದರು, ಎಲ್ಲರೂ ಅವರನ್ನು ಡಾಕ್ಟರ ಬಾಯಿ ಅನ್ನುತ್ತಿದ್ದರು. ಎದೆ ಒತ್ತಿ ನೋಡಿದರು.

"ಹಾಲು ಅದ, ಇಳಿವಲ್ದು ಅಷ್ಟ. ಮೆದುಳಿನ ಬುಡಕ್ಕ ಕಡ್ಲಿಕಾಳಿನಷ್ಟು ಒಂದು ಗ್ರಂಥಿ ಅದ. ಕೂಸು ಬಾಯಿ ಹಾಕಿದ ಕೂಡಲೇ ಅದು ರಕ್ತದಾಗ ಒಂದು ರಸ ಬಿಡತದ. ಹಾರ್ಮೋನು ಅಂತಾರ ಅದಕ್ಕ. ಅದು ಎದಿಗೆ ಬಂದು ಮುಟ್ಟಿದ ಮ್ಯಾಲೇ ಹಾಲು ಇಳೀತದ. ಸಿಟ್ಟು, ಚಿಂತಿ ಇದ್ರ ಬ್ಯಾರೆ ಗ್ರಂಥಿ ಬ್ಯಾರೆ ರಸ ಬಿಡತಾವ, ಇದಕ್ಕ ಅಡ್ಡ ನಿಲ್ಲತಾವ."

"ಅಯ್ಯ, ನಮ್ಮ ಎಮ್ಮಿನೂ ಹಿಂಗ ರೀ ಬಾಯಾರ!" ಅತ್ತೆಗೆ ಹಿಗ್ಗೋ ಹಿಗ್ಗು. "ಹೊಸಬರು ಕರಿಯಾಕ ಕುಂತ್ರ ಒಂದ ಹನಿ ಬಿಡೂದಿಲ್ಲ."

"ಹೌದ್ರಿ, ಎಮ್ಮಿಗೂ ಅದ ಗ್ರಂಥಿ, ನಮಗೂ ಅದ ಗ್ರಂಥಿ."

ನನ್ನನ್ನು ಎಮ್ಮೆ ಮಾಡಿದರಲ್ಲ ಎಂದು ಮೈಯೆಲ್ಲ ಉರಿಯಿತು. ಆದರೂ ಕೇಳಬೇಕಾದ್ದನ್ನು ಕೇಳಿಯೇ ಬಿಟ್ಟೆ: "ನಮ್ಮ ನೆಗೆಣ್ಣಿ ಗ್ರಂಥಿ ನನ್ನ ಕೂಸಿನ ದನಿಗೆ ಯಾಕ ಕುಣೀತದ್ರಿ?"

"ಗ್ರಂಥಿಗೆ ನಂದು ನಿಂದು ತಿಳಿಯೂದಿಲ್ಲವಾ. ಕೂಸು ಅತ್ರ ಸಾಕು. ನೀ ಸಮಾಧಾನಲೇ ಕುಂತು ಪ್ರತಿ ಸಲ ಮೊದಲ ನಿನ್ನ ಎದಿಗೇ ಹಾಕ್ಕೋ. ಬಂದೇ ಬರತದ."

ಸಮಾಧಾನವಂತೆ! ಕರು ಸತ್ತ ಎಮ್ಮೆಯ ಮುಂದೆ ಕರುವಿನ ತೊಗಲಿಗೆ ಹೊಟ್ಟು ತುಂಬಿ ನಿಲ್ಲಿಸಿ ಹಾಲು ಕರೆಯುತ್ತಾರೆ. ಆ ಎಮ್ಮೆಗೆ ಸಿಗುವುದು ಬರೀ ತೊಗಲು. ಇವಳಿಗೋ, ಬಿಸಿ ಉಸಿರಾಡುವ ನನ್ನ ಮಗನೇ ಸಿಕ್ಕಿದ್ದ. ದಾರಿಯುದ್ದಕ್ಕೂ ಇದೇ ತಲೆಯಲ್ಲಿ ಕುಳಿತಿತ್ತು, ಅತ್ತೆ ಏನು ಮಾತಾಡಿದರೂ ಕೇಳಿಸಲಿಲ್ಲ.

ಡಾಕ್ಟರ ಬಾಯಿ ಹೇಳಿದಂತೆ ಬಾಗಿಲು ಹಾಕಿಕೊಂಡು ಕೂಸನ್ನು ಎದೆಗೆ ಹಾಕಿಕೊಳ್ಳುತ್ತಿದ್ದೆ. ಅವಳು ಹೊರಗೆ ಕಾಯುತ್ತ ನಿಂತಿರುವುದು ಬಳೆಯ ಸದ್ದಿನಿಂದಲೇ ತಿಳಿಯುತ್ತಿತ್ತು. ಆ ಸದ್ದಿಗೆ ಒಳಗೆ ಇದ್ದಬದ್ದದ್ದೂ ಹೆಪ್ಪುಗಟ್ಟಿದ ಹಾಗೆ. ಕೂಸು ಸೋತು ಕಿರುಚುವುದು, ನಾನು ಬಾಗಿಲು ತೆರೆಯುವುದು. ಅವಳು ಅವನನ್ನು ಮಲಗಿಸಿ ತಂದುಕೊಟ್ಟಾಗ ಅವನ ಬಾಯಲ್ಲಿ ಅವಳ ಹಾಲಿನ ವಾಸನೆ ಇರುತ್ತಿತ್ತು. ನಾನು ಒದ್ದೆ ಬಟ್ಟೆಯಿಂದ ಅವನ ತುಟಿ ಒರೆಸುತ್ತಿದ್ದೆ.

ಎರಡು ತಿಂಗಳು ತುಂಬುತ್ತ ಬಂದಾಗ ಅವಳೇ ಅತ್ತೆಯ ಮುಂದೆ ಬಂದು ನಿಂತಳು.

"ನಾ ಇಲ್ಲಿ ಇದ್ರ ತಂಗೀಗೆ ಹಾಲು ಬರೂದಿಲ್ರಿ ಅತ್ತಿ. ನರಗುಂದಕ್ಕ ಹೋಗತೀನಿ."

"ಮತ್ತ ಕೂಸಿಗೆ?"

"ಎಮ್ಮಿ ಹಾಲಿಗೆ ನೀರು ಹಾಕಿ ಹತ್ತಿ ಬತ್ತಿಲೇ ಕುಡಿಸ್ರಿ ಎರಡು ದಿನ. ಬರತದ ಅಕಿಗೆ. ಬಂದೇ ಬರತದ."

ಮನೆಯವರೆಲ್ಲ ಅವಳನ್ನು ಹೊಗಳಿದ್ದೇ ಹೊಗಳಿದ್ದು. ಒಳ್ಳೆಯತನದಲ್ಲೂ ಅವಳೇ ಮುಂದೆ ಹೋಗಬೇಕೇ? ನನಗೆ ಅದಕ್ಕೂ ಹೊಟ್ಟೆಕಿಚ್ಚು. ಹೋಗಬೇಡ ಎಂದು ಬಾಯಿಮಾತಿಗೂ ಅನ್ನಲಿಲ್ಲ.

ಬಸ್ಸಿನ ತನಕ ಕೂಸನ್ನು ಎತ್ತಿಕೊಂಡು ಬಾ ಎಂದು ಅತ್ತೆ ಹೇಳಿದ್ದಕ್ಕೆ ಹೋದೆ. ಊರ ಹೊರಗಿನ ಬೇವಿನ ಮರದ ಕಟ್ಟೆಯ ಮುಂದೆ ಬಸ್ಸು ನಿಂತಿತ್ತು. ಅವಳು ಕೂಸಿನ ಕಾಲು ಮುಟ್ಟಿದಳು, ಎತ್ತಿಕೊಳ್ಳಲಿಲ್ಲ. ಬಸ್ಸು ಹತ್ತಿ ಕಿಟಕಿಯ ಹತ್ತಿರ ಕುಳಿತಳು. ಕರೆದೊಯ್ಯಲು ನರಗುಂದದಿಂದ ಬಂದಿದ್ದ ಅವಳ ತಮ್ಮ ಅವಳ ಪಕ್ಕಕ್ಕೆ ಗಂಟುಗಳನ್ನಿಟ್ಟು ತಾನೂ ಕುಳಿತ. ಇನ್ನು ಇಳಿಯುವ ಮಾತಿಲ್ಲ ಎಂದು ಖಾತ್ರಿಯಾಯಿತು ನೋಡಿ, ಅಷ್ಟರಲ್ಲಿ ಕೂಸು ಅತ್ತಿತು, ನನ್ನ ಎದೆಯಲ್ಲಿ ಸಾವಿರ ಸೂಜಿ ಚುಚ್ಚಿದ ಹಾಗಾಯಿತು. ಕುಪ್ಪಸ ಹೊಟ್ಟೆಯ ತನಕ ತೊಯ್ದುಹೋಯಿತು. ಮಮತೆ ಉಕ್ಕಿ ಬಂದ ಹಾಲು ಎಂದು ಹೇಳಿಕೊಳ್ಳಬಹುದಿತ್ತು. ಸುಳ್ಳು ಯಾಕೆ? ಅವಳು ಹೊರಟಳು ಅಂತ ಬಂದ ಹಾಲು ಅದು.

ಕಟ್ಟೆಯ ಮೇಲೆ ಕುಳಿತು ಸೆರಗು ಮುಚ್ಚಿ ಎದೆಗೆ ಹಾಕಿಕೊಂಡೆ. ಮಗ ಗುಟುಕಿಸಿದ. ಮೊದಲ ಸಲ ನನ್ನಲ್ಲಿ ಗುಟುಕಿಸಿದ. ಅತ್ತೆ "ಬಂತೇನ? ಬಂತೇನ?" ಎನ್ನುತ್ತ ಕಣ್ಣೀರು ಒರೆಸಿಕೊಂಡರು.

ಕಿಟಕಿಯಲ್ಲಿ ಅವಳು ಎರಡೂ ಕೈ ಎದೆಗೆ ಅವುಚಿಕೊಂಡು ಕುಳಿತಿದ್ದಳು. "ಕೂಸಿನ ಕಾಲು ಮುಚ್ಚ ತಂಗಿ, ಗಾಳಿ ಭಾಳ ಅದ," ಎಂದಳು.

ಆ ದನಿ ಕಿವಿಗೆ ಬಿದ್ದದ್ದೇ ತಡ, ಅವನು ಬಾಯಿ ಬಿಟ್ಟು ಮುಖವನ್ನು ಬಸ್ಸಿನ ಕಡೆ ತಿರುಗಿಸಿದ. ನನ್ನ ಹಾಲು ಅವನ ಕೆನ್ನೆಯ ಮೇಲೆ ಹರಿಯುತ್ತಿತ್ತು. ಗಲ್ಲ ಹಿಡಿದು ಅವನ ಮುಖವನ್ನು ಈಚೆಗೆ ಎಳೆದುಕೊಂಡೆ, ಮತ್ತೆ ತಿರುಗಿಸಿದ.

"ಲಗೂ ಹೊಂಡ್ರಿ, ಹೊತ್ತಾತು!" ಎಂದು ಡ್ರೈವರನಿಗೆ ನಾನೇ ಕೂಗಿದೆ.